ಬಾಣಂತಿ ಕೋಣೆಯ ಏಸಿ

ತಿರ್ಲಾಪುರದ ಮಾಂತೇಶನಿಗೆ ಏಸಿ ರಿಪೇರಿ ಬರುತ್ತದೆಂದು ಮೊದಲು ನಂಬಿದವಳು ಅವನ ತಾಯಿ ಸಾವಕ್ಕ. ಎರಡನೆಯವನು ಅವನೇ. ಕುಂದಗೋಳದ ಜಾಕೀರಭಾಯಿ ಅವನನ್ನು ಅಂಗಡಿಗೆ ಸೇರಿಸಿಕೊಂಡದ್ದು ನಂಬಿಯಲ್ಲ, ಬೇಸಿಗೆಯಲ್ಲಿ ಆಳು ಸಾಲದೆ. ಅದಕ್ಕೆ ಮೊದಲು ಅವನು ಅಣ್ಣಿಗೇರಿಯಲ್ಲಿ ಹತ್ತಿ ಬಿಡಿಸುವ ಜಿನ್ನಿನಲ್ಲಿ ಅರಳೆಯ ಅಂಡಿಗೆ ಹೊರುತ್ತಿದ್ದ. ಧೂಳು ಎದೆಗಿಳಿದು ಕೆಮ್ಮಿ ಕೆಮ್ಮಿ ಸಾಕಾಗಿದ್ದವನಿಗೆ, ಇನ್ನು ಮುಂದೆ ತಂಪುಗಾಳಿಯ ಕೆಳಗೆ ನಿಂತು ದುಡಿಯುತ್ತೇನೆ ಎಂಬುದೇ ಹಬ್ಬವಾಗಿತ್ತು. ಏಸಿ ಕೆಟ್ಟಾಗ ಮಾತ್ರ ತನ್ನನ್ನು ಕರೆಯುತ್ತಾರೆ, ಹಾಗಾಗಿ ತಂಪುಗಾಳಿ ತನ್ನ ಪಾಲಿಗೆ ಬರುವುದಿಲ್ಲ ಎಂಬುದು ಹೊಳೆಯಲು ಅವನಿಗೆ ಸ್ವಲ್ಪ ಕಾಲ ಬೇಕಾಯಿತು.

ಯರಗುಪ್ಪಿಯ ಕಸ್ತೂರೆವ್ವನ ಮಗಳು ಶಾಂಭವಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬಿಸಿಲಿನ ಝಳಕ್ಕೆ ಕೂಸಿನ ಮೈತುಂಬ ಬೆವರುಗುಳ್ಳೆ ಎದ್ದು, ಅದು ಮಲಗದೆ ಮನೆಯವರನ್ನೂ ಮಲಗಗೊಡದೆ ಇದ್ದುದರಿಂದ ಹೊಸ ಏಸಿ ಹಾಕಿಸಿದ್ದರು. ವಾರ ತುಂಬುವುದರೊಳಗೆ ಅದು ತಂಪು ಬಿಡುವುದನ್ನೇ ನಿಲ್ಲಿಸಿತು, ಗೋಡೆಗುಂಟ ನೀರು ಬೇರೆ ಇಳಿಯತೊಡಗಿತು.

ಮಾಂತೇಶ ಹೋಗಿ ರೂಢಿಯಂತೆ ಗ್ಯಾಸ್ ಹೋಗಿದೆ ಎಂದ. ಗೇಜು ಹಚ್ಚಿದರೆ ಗ್ಯಾಸ್ ಎಲ್ಲಿಗೂ ಹೋಗಿರಲಿಲ್ಲ. ಮುಚ್ಚಳ ಎತ್ತಿದಾಗ ಒಳಗಿನ ಧೂಳು ಸೋಸುವ ಜಾಳಿಗೆಗೆ ಕರ್ರಗೆ ಜಿಡ್ಡು ಕಟ್ಟಿತ್ತು. ಗಾಳಿ ಹಾಯಲು ಜಾಗವಿಲ್ಲದೆ ಹಿಂದಿನ ಕೊಳವೆಗಳಿಗೆ ಬರ್ಫ ಹಿಡಿದಿದೆ, ಅದೇ ಕರಗಿ ಸೋರುತ್ತಿದೆ ಎಂದು ಸರಿಯಾಗಿಯೇ ಹೇಳಿ ತೊಳೆದು ಹಾಕಿದ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಜಾಣನಾಗಿ ಉಳಿಯುತ್ತಿದ್ದ. ಎದುರಿಗಿದ್ದ ಎರೆಹೊಲ ನೋಡಿ, ಧೂಳೆಲ್ಲ ಅಲ್ಲಿಂದಲೇ ಬರುತ್ತಿದೆ, ಕಿಟಕಿ ತೆಗೆಯಲೇಬೇಡಿರೆಂದು ಅಪ್ಪಣೆ ಮಾಡಿ ಬಂದ. ಕಿಟಕಿ ಮುಚ್ಚಿದ ಮೇಲೆ ಏಸಿ ಮತ್ತಷ್ಟು ಬೇಗ ಕೆಟ್ಟಿತು. ಎರಡನೆಯ ಸಲ ಹೋದವನು ಬಾಗಿಲ ಸಂದಿಗೂ ಅರಿವೆ ತುರುಕಿಸಿದ.

ಮೂರನೆಯ ಸಲ ಫೋನ್ ಬಂದಾಗ ಜಾಕೀರಭಾಯಿ ಬೈಯಲಿಲ್ಲ.

"ಈ ಸಲಾನೂ ಆಗಲಿಲ್ಲಂದ್ರ ನೀ ಜಿನ್ನಿಗೇ ಹೋಗಪಾ ತಮ್ಮಾ" ಎಂದಷ್ಟೇ ಹೇಳಿದರು.

ಹಿಂದೆ ಎರಡು ಸಲವೂ ಅವನು ಹೋದದ್ದು ಮುಂಜಾನೆ. ಹೊರಗಿನ ಗಂಡಸು ಬರುತ್ತಾನೆಂದು ಬಾಣಂತಿಯನ್ನೂ ಕೂಸನ್ನೂ ಒಳಮನೆಗೆ ಕಳಿಸಿ, ಕೋಣೆ ಗುಡಿಸಿ, ಆಮೇಲೆ ಅವನನ್ನು ಬಿಟ್ಟಿದ್ದರು. ಈ ಸಲ ಬೇರೊಂದು ಊರಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಈಗಷ್ಟೇ ಕೂಸಿಗೆ ನೀರೆರೆದಿದ್ದೇವೆ, ಪಡಸಾಲೆಯಲ್ಲಿ ಕೂತಿರು ಎಂದು ಹೇಳಿ ಕಸ್ತೂರೆವ್ವ ಕೋಣೆಯ ಕದ ಹಾಕಿಕೊಂಡಳು.

ಮಾಂತೇಶ ಕೂತು ಮತ್ತೆ ಯಾರ ಕೈಕೆಳಗೆ ದುಡಿಯಬೇಕೋ ಆ ಜಿನ್ನಿನ ಮುಕಾದಮನ ಮುಖ ನೆನೆಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಬಾಗಿಲ ಸಂದಿಯ ಅರಿವೆಯನ್ನೂ ದಾಟಿ ಹೊಗೆ ಹೊರಬಂತು. ಏಸಿಗೆ ಬೆಂಕಿ ಹತ್ತಿತೆಂದೇ ತಿಳಿದು ಅವನು ಮೀಟರ್ ಬೋರ್ಡಿಗೆ ಓಡಿ ಮೇನ್ ಸ್ವಿಚ್ ಎಳೆದ. ಮನೆಯೆಲ್ಲ ಕತ್ತಲಾಯಿತು. ಕೂಸನ್ನು ಮೊದಲು ಹೊರಗೆ ತರಬೇಕೆಂದು ಕೂಗುತ್ತ ಕದ ಬಡಿದ. ಕದ ತೆರೆದಾಗ ಕೆಂಡದ ಬಟ್ಟಲು ಹಿಡಿದು ಕಸ್ತೂರೆವ್ವ ನಿಂತಿದ್ದಳು.

"ಕರೆಂಟ್ ಯಾಕ ತಗದಿಯೋ?"

"ಹೊಗಿ ಬಂತಲ್ರೀ ಅಮ್ಮಾರ."

"ಲೋಬಾನ ಹಾಕಿದ್ರ ಹೊಗಿ ಬರಲಾರ್ದ ಮತ್ತೇನ್ ಬರತೈತಿ?"

ದಿನಾ ಸಂಜೆ ಕೂಸಿಗೆ ಎರೆದ ಮೇಲೆ ಕೆಂಡದ ಮೇಲೆ ಲೋಬಾನ, ಅಜವಾನ, ಬಳ್ಳೊಳ್ಳಿ ಸಿಪ್ಪೆ ಹಾಕಿ ಕೋಣೆ ತುಂಬ ಹೊಗೆ ಹಿಡಿಯುವುದು ಆ ಮನೆಯ ಪದ್ಧತಿ. ಆಗ ಏಸಿ ಚಾಲೂ ಇರುತ್ತದೆಯೇ ಎಂದು ಮಾಂತೇಶ ಮೆಲ್ಲಗೆ ಕೇಳಿದ.

"ಇರತೈತಲ್ಲ. ಏಸಿ ತಂಪು ಕೂಸಿಗೆ ಹತ್ತಬಾರ್ದಂತ ಹೊಗಿ. ಹೊಗಿ ಸೆಕಿ ತಾಯಿಗೆ ಆಗಬಾರ್ದಂತ ಏಸಿ."

ಮಾಂತೇಶನಿಗೆ ಈಗ ಲೆಕ್ಕ ಕೂಡಿತು. ಏಸಿ ಕೋಣೆಯ ಗಾಳಿಯನ್ನೇ ಎಳೆದು ತಣ್ಣಗೆ ಮಾಡಿ ಬಿಡುವ ಯಂತ್ರ. ಕೋಣೆಯಲ್ಲಿ ಹೊಗೆಯಿದ್ದರೆ ಅದು ಹೊಗೆಯನ್ನೇ ಎಳೆಯಬೇಕು, ಅದರ ಜಿಡ್ಡು ಜಾಳಿಗೆಗೆ ಅಂಟಲೇಬೇಕು. ಮೊದಲಾದರೆ ಅರ್ಧ ಹೊಗೆ ಕಿಟಕಿಯಿಂದ ಹೋಗುತ್ತಿತ್ತು.

"ಕಿಡಕಿ ಮುಚ್ಚಸಿದಾವ್ರು ಯಾರ್ರಿ ಅಣ್ಣಾ?" ಎಂದು ಒಳಗಿನ ಮಂಚದಿಂದ ಶಾಂಭವಿ ಕೇಳಿದಳು. ಕತ್ತಲಲ್ಲಿ ಅವಳ ಮುಖ ಕಾಣಲಿಲ್ಲ, ನಗು ಮಾತ್ರ ಕೇಳಿಸಿತು. ಮಾಂತೇಶ ಸ್ವಿಚ್ ಮೇಲೆತ್ತುವ ನೆಪದಲ್ಲಿ ಅತ್ತ ನಡೆದ.

ಹೊಗೆ ಹಾಕುವುದನ್ನೇ ನಿಲ್ಲಿಸುವ ಮಾತು ಕಸ್ತೂರೆವ್ವನ ಮುಂದೆ ನಡೆಯುವಂತಿರಲಿಲ್ಲ, ಅವನು ಎತ್ತಲೂ ಇಲ್ಲ. ಹೊಗೆ ಹಾಕುವಾಗ ಏಸಿ ಬಂದ್ ಮಾಡಿ ಕಿಟಕಿ ತೆಗೆಯುವುದು, ಹೊಗೆ ಪೂರ್ತಿ ಹೋದ ಮೇಲೆ ಕಿಟಕಿ ಮುಚ್ಚಿ ಚಾಲೂ ಮಾಡುವುದು, ವಾರಕ್ಕೊಮ್ಮೆ ಜಾಳಿಗೆ ತೊಳೆದು ನೆರಳಲ್ಲಿ ಒಣಗಿಸುವುದು ಎಂದು ಒಪ್ಪಂದವಾಯಿತು. ಅವನು ಜಾಳಿಗೆ ತೊಳೆದು ಒಣಗಿಸಿ, ಬರ್ಫ ಕರಗಲು ಬಿಟ್ಟು, ಆಮೇಲೆ ಏಸಿ ಚಾಲೂ ಮಾಡಿದ. ತಣ್ಣನೆಯ ಗಾಳಿ ಬಂತು. ಅವನು ಆ ಗಾಳಿಗೆ ಮುಖವೊಡ್ಡಿ ಸ್ವಲ್ಪ ಹೆಚ್ಚೇ ಹೊತ್ತು ನಿಂತ.

ಆಗಲೇ ಜಾಕೀರಭಾಯಿಯ ಫೋನ್ ಬಂತು. ಏನೆಂದು ಹೇಳುವುದೋ ತಿಳಿಯದೆ ಅವನು ತಡವರಿಸುತ್ತಿರುವಾಗ ಕಸ್ತೂರೆವ್ವ ಕೈಚಾಚಿ ಫೋನ್ ಇಸಿದುಕೊಂಡಳು.

"ಹುಡುಗಂದ ತಪ್ಪಿಲ್ರಿ, ನಮ್ಮ ಹೊಗಿದು ತಪ್ಪು. ಬೆಂಕಿ ಅಂತ ತಿಳದಾಗ ಮಿಷನ್ ಹೋಗ್ಲಿ, ಕೂಸಿನ್ನ ತರ್ರಿ ಅಂದಾನ. ಇಂಥಾವನ್ನ ಕಳಕೋಬ್ಯಾಡ್ರಿ."

ಕಿಟಕಿಯ ಸುದ್ದಿಯನ್ನು ಅವಳು ಎತ್ತಲೇ ಇಲ್ಲ. ಮರೆತಿರಲಿಲ್ಲ, ಹೇಳುವಾಗ ಅವನ ಮುಖವನ್ನೇ ನೋಡುತ್ತಿದ್ದಳು. ಆ ಹೇಳದೆ ಬಿಟ್ಟ ಮಾತಿನ ಉಪಕಾರ ಹೇಗೆ ತೀರಿಸುವುದೆಂದು ತಿಳಿಯದೆ ಮಾಂತೇಶ ಕೈಮುಗಿದ. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

ನಾಳೆ ಬೇಗ ಬಾ, ಕೆಲಸ ಬಹಳವಿದೆ ಎಂದು ಜಾಕೀರಭಾಯಿ ಹೇಳಿದರಂತೆ. ಕಸ್ತೂರೆವ್ವ ಅವನ ತಾಯಿ ಸಾವಕ್ಕನಿಗೆಂದು ಬಾಣಂತಿಯ ಅಂಟಿನುಂಡೆ ಕಟ್ಟಿಕೊಟ್ಟಳು. ಅದರಲ್ಲೊಂದು ದಾರಿಯಲ್ಲೇ ಖರ್ಚಾಯಿತು. ಮರುದಿನ ಜಾಕೀರಭಾಯಿ ಬಂದು ಅಂಗಡಿಯ ಶಟರ್ ಎತ್ತುವ ಮೊದಲೇ ಮಾಂತೇಶ ಕಟ್ಟೆ ಗುಡಿಸಿ ನಿಂತಿದ್ದ.