ಅಮ್ಮಾರಿಗೆ ತಿಳಿಯದ ಎಂ.ಎಸ್ಸಿ.

ರಾಣೆಬೆನ್ನೂರಿನ ಬೀಜದಂಗಡಿಯ ಸಾಹುಕಾರರು, ಅವರ ಹೆಂಡತಿ ಅಮ್ಮಾರು ಸೇರಿ ನನ್ನ ಎಂ.ಎಸ್ಸಿ. ಖರ್ಚು ನೋಡಿಕೊಂಡರು. ಅವರದು ಒಂದೇ ಕರಾರು: ಪಾಸಾದವರು ಮನೆಗೆ ಊಟಕ್ಕೆ ಬಂದು, ಕಲಿತದ್ದನ್ನು ಅಮ್ಮಾರಿಗೆ ತಿಳಿಯುವಂತೆ ಹೇಳಬೇಕು.

ಅಮ್ಮಾರು ರೊಟ್ಟಿ ಬಡಿಯುತ್ತಿದ್ದರು. ತಾಟಿನ ಮುಂದೆ ಕೂತು ನಾನು ಮೆಣಸಿನಕಾಯಿ ಗಿಡದ ರೋಗಗಳನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಮುಂದೆ ಓದುವ ಆಸೆ ಮಾತ್ರ ಹೇಳಲಾಗಲಿಲ್ಲ. ಇಷ್ಟು ಮಾಡಿದವರನ್ನು ಇನ್ನೇನು ಕೇಳುವುದು?

"ನನಗೇನೂ ತಿಳೀಲಿಲ್ಲ ನೋಡವಾ," ಎಂದರು ಅಮ್ಮಾರು. ಅವರು ಗಂಡನ ಕಡೆ ತಿರುಗಿದರು: "ಏನ್ರಿ, ಇಕಿ ಓದಿದ್ದು ಸಾಲಂಗಿಲ್ಲ. ಪಿಎಚ್‌ಡಿನೂ ಮಾಡಸೋಣ್ರಿ."

"ಹೂಂ, ಮಾಡಸೋಣ," ಎಂದರು ಸಾಹುಕಾರರು.

ಪಿಎಚ್‌ಡಿ ಮುಗಿಸಿ, ಭಾರೀ ತಯಾರಿ ಮಾಡಿಕೊಂಡು ಮತ್ತೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅಮ್ಮಾರು ತಾಟಿಗೆ ಬಿಸಿ ರೊಟ್ಟಿ ಹಾಕಿದರು.

"ಈಗ ಎಲ್ಲಾ ತಿಳೀತು, ಉಣ್ಣವಾ."