ಎರಡನೇ ಸಲ ಕೇಳಿದ ಪ್ರಶ್ನೆ

ದುಃಖ ಅಳೆಯುವ ಹೊಸ ಪ್ರಶ್ನಾವಳಿಯೊಂದು ತಯಾರಾಗಿತ್ತು. ಅದನ್ನು ನಂಬಬಹುದೇ ಎಂದು ನೋಡಲು ಅದೇ ಜನರಿಗೆ ಹದಿನೈದು ದಿನ ಬಿಟ್ಟು ಅದೇ ಪ್ರಶ್ನೆ ಕೇಳಬೇಕು. ಎರಡೂ ಸಲದ ಉತ್ತರ ಒಂದಕ್ಕೊಂದು ಹೊಂದಿದರೆ ಪ್ರಶ್ನಾವಳಿ ಪಾಸು. ಇದಕ್ಕೆ ವ್ಯಾಲಿಡೇಶನ್ ಅನ್ನುತ್ತಾರೆ. ಕೇಳುವ ಕೆಲಸ ನನ್ನದು.

ಸಾಲಗುಂದದಲ್ಲಿ ಮಗಳನ್ನು ಕಳಕೊಂಡ ಈರಮ್ಮ ಮೊದಲ ಸಲ "ನಿದ್ದಿನ ಇಲ್ಲಪಾ" ಅಂದಿದ್ದಳು. ಎರಡನೇ ಸಲ ಹೋದಾಗ ಚಾಪೆ ಹಾಸಿ, ನಾನು ಕಾಗದ ತೆಗೆಯುವ ಮೊದಲೇ, ಮಗಳಿಗೆ ಜ್ವರ ಬಂದಲ್ಲಿಂದ ಎಲ್ಲವನ್ನೂ ಮತ್ತೆ ಹೇಳಿದಳು. ಸಾವಿನ ಮನೆಗೆ ಮಾತಾಡಿಸಲು ಬಂದವರಿಗೆ ಹಾಗೆ ಹೇಳುವುದು ನಮ್ಮ ಕಡೆ ರೂಢಿ. ನಾನೂ ಅದಕ್ಕೇ ಬಂದೆನೆಂದು ತಿಳಿದಿದ್ದಳು.

"ನಿದ್ದಿ ಬರ್ತೈತೇನ್ರೀ ಅಮ್ಮ?" ಎಂದು ಹಾಳೆ ನೋಡಿ ಓದಿದೆ.

"ಹೋದ ಸಲ ನೀ ಕೇಳಿ ಹೋದ ಮ್ಯಾಲೆ ಸ್ವಲ್ಪ ಬರಾಕತ್ತೈತಿ, ತಮ್ಮಾ. ಎಲ್ಲಾರೂ ಒಮ್ಮೆ ಬಂದು ಹೋದ್ರು. ತಿರುಗಿ ಬಂದಾಂವ ನೀ ಒಬ್ಬಾಂವನ."

ಉತ್ತರ ಹೊಂದಲಿಲ್ಲ. ಆಫೀಸಿನಲ್ಲಿ ಆಕೆಯ ಹಾಳೆಯನ್ನು ನಂಬಲು ಬರುವುದಿಲ್ಲವೆಂದು ಬದಿಗಿಟ್ಟರು. ಪ್ರಶ್ನಾವಳಿ ಮಾತ್ರ ಪಾಸಾಯಿತು.

ಅದರಲ್ಲಿ ಮೂರನೇ ಭೇಟಿಗೆ ಕಾಲಂ ಇರಲಿಲ್ಲ. ನಾನೂ ಹೋಗಲಿಲ್ಲ.