ಮೊದಲು ಕುಳಿತವಳು

“ವಾಲ್ಟರ್ ಬರಲ್ಲ ಅಂದರು” ಎಂದು ಮಗಳಿಗೆ ಹೇಳಿದ್ದೆನಲ್ಲ — ಅದು ಹಸಿ ಸುಳ್ಳು. ನಾನು ಅವರನ್ನು ಕೇಳಿಯೇ ಇರಲಿಲ್ಲ.

ಕೆನಡಾದ ಪೋರ್ಟ್ ಕ್ರೆಡಿಟ್‌ನಲ್ಲಿ ವಾಲ್ಟರ್ ನಮ್ಮ ಪಕ್ಕದ ಮನೆಯವರು. ವಿಯೆಟ್ನಾಂ ಯುದ್ಧಕ್ಕೆ ಕರೆ ಬಂದಾಗ ಹೋಗುವುದಿಲ್ಲವೆಂದು ಅಮೆರಿಕ ಬಿಟ್ಟು ಇಲ್ಲಿಗೆ ಬಂದವರು. ದಿಯಾ ಎಂಟನೇ ಕ್ಲಾಸಿನಲ್ಲಿದ್ದಾಗ, ಆ ಯುದ್ಧದ ಬಗ್ಗೆ ಮಾತಾಡಲು ಅವರನ್ನು ಶಾಲೆಗೆ ಕರೆಯಮ್ಮ ಎಂದಳು. ನಾನೋ — ಮೈಸೂರಿನ ಮಿಲಿಟರಿ ಸುಬೇದಾರರ ಮಗಳು! ರಣಹೇಡಿಯನ್ನು ಮಕ್ಕಳೆದುರು ನಿಲ್ಲಿಸುವುದೇ? ನಮ್ಮ ಮನೆ ಮುಂದಿನ ಹಿಮವನ್ನು ಎಷ್ಟೋ ಸಲ ತೆಗೆದುಕೊಟ್ಟ ಮನುಷ್ಯನನ್ನು ಹಾಗೆಂದುಕೊಂಡೆ.

ಸುಳ್ಳು ಒಂದಕ್ಕೇ ನಿಲ್ಲುತ್ತದೆಯೇ? ಅವರಿಗೆ ಹುಷಾರಿಲ್ಲ ಎಂದೆ. ಆ ಮಾತು ಎತ್ತಿದರೆ ಅವರಿಗೆ ನೋವಾಗುತ್ತದೆ ಎಂದೆ. ಕೊನೆಗೆ, ಎಲ್ಲಿ ಅವರಿಬ್ಬರೂ ಮಾತಾಡಿಬಿಡುತ್ತಾರೋ ಎಂಬ ಭಯಕ್ಕೆ — ಕಸದ ಡಬ್ಬಿ ಕೆದಕುವ ರಕೂನ್ ಪ್ರಾಣಿಗಳ ಕಾಟವೆಂದು ನೆಪ ಹೇಳಿ — ಎರಡು ಮನೆಗಳ ನಡುವೆ ಆಳೆತ್ತರದ ಬೇಲಿ ಹಾಕಿಸಿದೆ.

ಈಗ ದಿಯಾ ಹತ್ತಿರದ ಊರಾದ ವಾನ್‌ನಲ್ಲಿ ಹಿಸ್ಟರಿ ಟೀಚರ್. ಈ ಸಲ ತಾನೇ ಹೋಗಿ ಅವರನ್ನು ಕರೆದಳು. ಅವರೀಗ ಕಾರು ಓಡಿಸುವುದಿಲ್ಲ. ಕರೆದೊಯ್ಯುವ ಕೆಲಸ ನನ್ನ ತಲೆಗೇ ಬಂತು. ದಾರಿಯಲ್ಲಿ ಅವರು, “ಇಷ್ಟು ವರ್ಷ ನನ್ನನ್ನ ಯಾರೂ ಕೇಳಲೇ ಇಲ್ಲ” ಎಂದರು. ನಾನು ರೇಡಿಯೋ ದನಿ ಏರಿಸಿದೆ.

ಕ್ಲಾಸಿನಲ್ಲಿ ಅವರು ಒಬ್ಬ ಹುಡುಗನನ್ನು ಮುಂದೆ ನಿಲ್ಲಿಸಿದರು. “ಇವನು ಅಮೆರಿಕದ ಸಲಹೆಗಾರ. ಕಮ್ಯುನಿಸ್ಟರನ್ನ ತಡೆಯೋಕೆ ದಕ್ಷಿಣ ವಿಯೆಟ್ನಾಮಿಗೆ ಬರೀ ಸಲಹೆ ಕೊಡ್ತಾನೆ.” ಸಲಹೆ ಸಾಲದೆ ಹೋದಾಗ ವಿಮಾನಗಳೆಂದು ಕೆಲವರನ್ನು ಕರೆದರು. ವಿಮಾನ ನೆಲೆ ಕಾಯಲು ಸೈನಿಕರೆಂದು ಇನ್ನಷ್ಟು. ಆ ಸೈನಿಕರ ಬೆನ್ನಿಗೆ ಮತ್ತಷ್ಟು. ಕೊನೆಗೆ ದಿಯಾ, ನಾನು — ಎಲ್ಲರೂ ಮುಂದೆ ಒತ್ತೊತ್ತಾಗಿ ನಿಂತಿದ್ದೆವು, ಕುರ್ಚಿಗಳೆಲ್ಲ ಖಾಲಿ.

“ತಪ್ಪಾಯ್ತು ಅಂತ ಮೊದಲು ಯಾರು ಕೂತ್ಕೋತೀರಿ?” ಎಂದರು.

ಯಾರೂ ಅಲುಗಾಡಲಿಲ್ಲ. ಮರ್ಯಾದೆ ಪ್ರಶ್ನೆ ನೋಡಿ! ಮೊದಲು ಕೂರುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂದು ಆಗ ತಿಳಿಯಿತು — ಈ ಮನುಷ್ಯ ಯುದ್ಧಕ್ಕೆ ಬರುವುದಿಲ್ಲವೆಂದು ಹರೆಯದಲ್ಲೇ ಒಬ್ಬರೇ ಕೂತಿದ್ದರು.

“ನಾನು” ಎಂದೆ. “ದಿಯಾ, ಅವತ್ತು ಇವರು ಬರಲ್ಲ ಅಂದಿರ್ಲಿಲ್ಲ. ನಾನು ಕೇಳೇ ಇರ್ಲಿಲ್ಲ ಕಣೆ.” ಅದನ್ನೇ ವಾಲ್ಟರ್ ಕಡೆ ತಿರುಗಿ, ಇಡೀ ಕ್ಲಾಸಿಗೆ ಕೇಳುವಂತೆ, ಇಂಗ್ಲಿಷಿನಲ್ಲಿ ಹೇಳಿದೆ. ಹೋಗಿ ಕುಳಿತೆ.

ಅಬ್ಬಬ್ಬಾ, ಆಮೇಲಿನ ಗದ್ದಲ! ಮಕ್ಕಳೆಲ್ಲ ಹೋ ಎಂದು ಕೂಗುತ್ತಾ ಕುರ್ಚಿಗಳಿಗೆ ಓಡಿದರು. ವಾಲ್ಟರ್ ಎರಡೂ ಕೈ ಮೇಲೆತ್ತಿ, ಗೆದ್ದವರ ಹಾಗೆ ನಕ್ಕರು. ನನ್ನ ಬಳಿ ಬಂದು ಕೈ ಕುಲುಕಿದರು. ಅಷ್ಟು ಹಗುರಾಗಿ ನಾನು ಎಂದೂ ಕುಳಿತಿರಲಿಲ್ಲ.

ದಿಯಾ ಮಾತ್ರ ಇನ್ನೂ ನಿಂತೇ ಇದ್ದಳು.

“ಅಮ್ಮಾ, ಐ ಥಾಟ್… ಅವ್ರಿಗೆ ನನ್ನ ಕಂಡ್ರೆ ಆಗಲ್ಲ ಅಂತ. ಇಷ್ಟು ವರ್ಷ.”

ಶನಿವಾರ ಬೇಲಿ ಕೀಳುತ್ತೇನೆ — ಆಳು ಕರೆಸದೆ, ನನ್ನ ಕೈಯಾರೆ.